ಮೊಮ್ಮಗಳು ಕೇಳದ ಚಕ್ರಗಳು

ನನ್ನ ಮೊಮ್ಮಗಳು ರೇಸಿಗೆಂದು ದಿನಾ ತೀರ್ಥಹಳ್ಳಿಯಿಂದ ಹೊಸನಗರದ ಕಡೆಗೆ ಸೈಕಲ್ ತುಳಿಯುತ್ತಾಳೆ. ಅವಳು ಕೇಳಿದ್ದು ಕಾಲಿನ ಬಲ ಅಳೆಯುವ ಪವರ್ ಮೀಟರ್. ಅವಳಪ್ಪ, ನನ್ನ ಮಗ, ಸಾಗರದ ಅಂಗಡಿಯಿಂದ ತಂದದ್ದು ಅಂಗೈಯಗಲದ ರಿಮ್ಮಿನ ಕರಿ ಚಕ್ರಗಳನ್ನು. ಅವಳನ್ನು ಒಂದು ಮಾತೂ ಕೇಳದೆ ಹಾಕಿಸಿ, ಕುಂಕುಮ ಹಚ್ಚಿ ಪೂಜೆಯನ್ನೂ ಮುಗಿಸಿದ. ಮೊದಲ ದಿನವೇ ಸೇತುವೆಯ ಮೇಲೆ ಅಡ್ಡಗಾಳಿ ಆ ರಿಮ್ಮಿಗೆ ಹೊಡೆದು ಹುಡುಗಿ ಬಿದ್ದಳು. ತರಚಿದ ಮೊಣಕೈ ನೋಡಿ ನನಗೆ ಮೈಯೆಲ್ಲ ಉರಿಯಿತು.

“ಮೀಟರ್ ಯಾರ ಕಣ್ಣಿಗೂ ಕಾಣಲ್ಲ ಅಮ್ಮ. ಚಕ್ರ ನೋಡು, ಎಂಥ ಗತ್ತು!” ಎಂದ ಮಗ.

“ತುಳಿಯೋದು ನೀನಾ? ಮಂಡಿಯಲ್ಲಿ ಅಡಿಕೆ ತೂಗುವಾಗ ತಕ್ಕಡಿ ಬಿಟ್ಟು ಚೀಲದ ಚಂದ ನೋಡ್ತೀಯೇನೋ ಮಾರಾಯ?”

“ಪೂಜೆ ಆದ ಮಾಲು ವಾಪಸ್ ಕೊಡಬಾರ್ದು.”

“ಅವಳ ಮೊಣಕೈ ದೇವರಿಗೂ ಕಾಣ್ತದೆ. ನಿನ್ನ ಹಾಗೆ ಕುರುಡನಲ್ಲ ಅವನು.”

ಒದ್ದೆ ಬಟ್ಟೆಯಿಂದ ಕುಂಕುಮವನ್ನು ನಾನೇ ಒರೆಸಿದೆ. ಮರುದಿನ ಮಗನನ್ನು ಮನೆಯಲ್ಲೇ ಬಿಟ್ಟು, ಚಕ್ರಗಳನ್ನೂ ಮೊಮ್ಮಗಳನ್ನೂ ಸಾಗರದ ಬಸ್ಸು ಹತ್ತಿಸಿಕೊಂಡು ಹೋದೆ.

“ಬದಲಿಗೆ ಯಾವುದು ಕೊಡ್ಲಿ ಅಜ್ಜಿ?” ಎಂದ ಅಂಗಡಿಯವನು.

“ನನ್ನನ್ನೇನು ಕೇಳ್ತೀಯಾ? ತುಳಿಯೋಳು ಎದುರಿಗೇ ನಿಂತಿದ್ದಾಳೆ.”