ದಾರದಕ್ಕನ ಮೇಜು ಖಾಲಿಯಾದ ದಿನ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ದೊಡ್ಡ ಯಂತ್ರಗಳ ಪಕ್ಕದ ಸಣ್ಣ ಕೋಣೆಯಲ್ಲಿ, ಒಂದು ಹೊಲಿಗೆ ಮಿಷನ್ ಆಗಲೇ ಎದ್ದು ಕೂತಿದೆ. ಗೋಡೆಯ ಮೇಲ್ತುದಿಯ ಕಿಟಕಿಯಿಂದ ಹೊರಗೆ ಓಡಾಡುವವರ ಕಾಲುಗಳಷ್ಟೇ ಕಾಣುತ್ತವೆ. ರಾತ್ರಿ ಪಾಳಿ ಮುಗಿಸಿದವರದು ಕಾಲೆಳೆಯುವ ಚಪ್ಪಲಿ, ಬೆಳಗಿನ ಪಾಳಿಯವರದು ಅವಸರದ ಬೂಟು. ಮಿಷನ್ ಮುಂದೆ ಕೂತಿರುವ ಹೆಂಗಸು ಅತ್ತ ತಲೆಯೆತ್ತುವುದಿಲ್ಲ. ಸೂಜಿಗೆ ದಾರ ಪೋಣಿಸುವಾಗ ಅವರ ನಾಲಿಗೆಯ ತುದಿ ಹೊರಗೆ ಇಣುಕುತ್ತದೆ, ಕನ್ನಡಕ ಮೂಗಿನ ತುದಿಗೆ ಜಾರುತ್ತದೆ. ತೋಳು, ಬೆನ್ನು, ಕೂದಲು ಎಲ್ಲೆಂದರಲ್ಲಿ ದಾರದ ಚೂರುಗಳು. ಹೆಸರು ಬಂದಿದ್ದೂ ಆ ಚೂರುಗಳಿಂದಲೇ. ದೊಡ್ಡ ಡಾಕ್ಟರಿಂದ ಹಿಡಿದು ಕಾರಿಡಾರ್ ಒರೆಸುವವರವರೆಗೆ ಎಲ್ಲರಿಗೂ ಅವರು ದಾರದಕ್ಕ.

ಇವತ್ತು ಮಿಷನ್ ಮೇಲಿರುವುದು ತಿಳಿನೀಲಿ ಬಣ್ಣದ ಒಂದು ಗೌನು, ರೋಗಿಗಳು ತೊಡುವಂಥದ್ದು. ಇಂಥವನ್ನು ಅವರು ಹೊಲಿದದ್ದಕ್ಕೆ ಲೆಕ್ಕವಿಲ್ಲ. ಆದರೆ ಇದಕ್ಕೆ ಗಿರಾಕಿ ಸ್ವತಃ ದಾರದಕ್ಕನೇ. ಮಧ್ಯಾಹ್ನದೊಳಗೆ ಮೇಲಿನ ವಾರ್ಡಿಗೆ ಸೇರಬೇಕು, ನಾಳೆ ಬೆಳಿಗ್ಗೆ ಆಪರೇಷನ್. ಎಡಗಡೆಯ ಮೊಲೆಯಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿದೆ ಎಂದು ಗೊತ್ತಾಗಿ ಇನ್ನೂ ತಿಂಗಳು ತುಂಬಿಲ್ಲ. ಅವರ ಪಕ್ಕದಲ್ಲಿರುವ ಉದ್ದನೆಯ ಮರದ ಮೇಜು, ಸದಾ ಬಟ್ಟೆಯ ರಾಶಿಯಿಂದ ಬೆನ್ನು ಬಾಗಿರುವ ಮೇಜು, ಇವತ್ತು ಬರಿದಾಗಿ ಹೊಳೆಯುತ್ತಿದೆ. ಇದು ಆ ಮೇಜಿನ ಕಥೆಯೂ ಹೌದು.

ನೀವು ಎಂದಾದರೂ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದರೆ ಡಾಕ್ಟರ ಮುಖ ನೆನಪಿರುತ್ತದೆ, ನರ್ಸಿನ ದನಿ ನೆನಪಿರುತ್ತದೆ. ತಲೆಯ ಕೆಳಗಿದ್ದ ದಿಂಬಿನ ಚೀಲವನ್ನು ಯಾರು ಹೊಲಿದರು ಎಂದು ಕೇಳಿದವರುಂಟೇ? ಹರಿದ ಹಾಸಿಗೆ ಬಟ್ಟೆ, ಮಂಚಗಳ ನಡುವಿನ ಪರದೆ, ಮುರಿದ ಕೈಯನ್ನು ಹೊತ್ತುಕೊಳ್ಳುವ ಜೋಳಿಗೆ, ಎಲ್ಲವೂ ಈ ನೆಲಮಾಳಿಗೆಯಿಂದಲೇ ಮೇಲಕ್ಕೆ ಹೋಗುತ್ತವೆ. ಉಳಿದ ತುಂಡು ಬಟ್ಟೆಯಲ್ಲಿ ದಾರದಕ್ಕ ಆಗ ತಾನೇ ಹುಟ್ಟಿದ ಕೂಸುಗಳಿಗೆ ಟೋಪಿ ಮಾಡುತ್ತಾರೆ. ಅದನ್ನು ಮಾಡು ಎಂದು ಅವರಿಗೆ ಯಾರೂ ಹೇಳಿಲ್ಲ. “ಬಟ್ಟೆ ಬಿಸಾಕೋಕೆ ಮನಸ್ಸು ಬರಲ್ಲ. ಅದೂ ಅಲ್ದೆ ಈ ಕಟ್ಟಡದೊಳಗೆ ಎಲ್ಲಾರೂ ಅಳ್ತಾ ಬರ್ತಾರೆ. ಕೂಸುಗಳು ಮಾತ್ರ ಅತ್ತರೆ ಮನೆಯವ್ರು ನಗ್ತಾರೆ. ಅಂಥವ್ರಿಗೆ ಒಂದು ಟೋಪಿ ಆದ್ರೂ ಬೇಡ್ವಾ?” ಎನ್ನುತ್ತಾರೆ.

ಅವರು ಇಲ್ಲಿಗೆ ಬಂದಾಗ ಮಗಳು ಇನ್ನೂ ತೊದಲು ಮಾತಾಡುವ ಕೂಸು. ಅದಕ್ಕೂ ಮೊದಲು ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಕಾಲರ್ ಹೊಲಿಯುತ್ತಿದ್ದರು. ದಿನವಿಡೀ ಬರೀ ಕಾಲರ್. ಕಾರ್ಖಾನೆಗೆ ಬೀಗ ಬಿದ್ದ ಮೇಲೆ, ಹರಿದ ಹೊದಿಕೆಗೆ ತೇಪೆ ಹಾಕಲು ಕೆಲವು ದಿನದ ಮಟ್ಟಿಗೆಂದು ಆಸ್ಪತ್ರೆಯವರು ಕರೆದರು. ಆ ಕೆಲವು ದಿನ ಇನ್ನೂ ಮುಗಿದಿಲ್ಲ. ಮಗಳು ಇದೇ ಮೇಜಿನ ಕೆಳಗೆ, ಬಟ್ಟೆ ಬುಟ್ಟಿಯಲ್ಲಿ ನಿದ್ದೆ ಮಾಡಿ ಬೆಳೆದಳು. ಈಗ ಅವಳು ಮಕ್ಕಳಿಗೆ ಈಜು ಕಲಿಸುತ್ತಾಳೆ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮಾತು ಕಡಿಮೆ, ಕೈಯಲ್ಲಿ ಸದಾ ಎಣ್ಣೆ.

ಗಂಟು ಮೊದಲು ಸಿಕ್ಕಿದ್ದು ಸ್ನಾನದ ಮನೆಯಲ್ಲಿ. “ಒಳಗಡೆ ಯಾರೋ ಒಂದು ಗುಂಡಿ ಹೊಲಿದುಬಿಟ್ಟ ಹಾಗಿತ್ತು. ಸಣ್ಣ ಅಂಗಿ ಗುಂಡಿ. ನೋವಿಲ್ಲ, ಏನಿಲ್ಲ” ಎಂದು ನೆನೆಯುತ್ತಾರೆ. ಅಷ್ಟು ವರ್ಷ ಹಿಂಬಾಗಿಲಿಂದ ಬಂದು ನೆಲಮಾಳಿಗೆಗೆ ಇಳಿಯುತ್ತಿದ್ದವರು ಅವತ್ತು ಮೊದಲ ಸಲ ಮುಂಬಾಗಿಲಿಂದ ಹೋಗಿ ರೋಗಿಗಳ ಸಾಲಿನಲ್ಲಿ ಕೂತರು. ಎದುರಿಗೆ ಹೋಗಿ ಬರುವವರ ಮೈಮೇಲೆಲ್ಲ ತಮ್ಮದೇ ಹೊಲಿಗೆ. ಪರೀಕ್ಷೆಗಳಾದವು, ಕೆಲವು ದಿನ ಕಾದದ್ದೂ ಆಯಿತು. ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಬೇಗ ಗೊತ್ತಾಗಿದೆ, ಭರವಸೆ ಚೆನ್ನಾಗಿದೆ, ಆದರೆ ಆ ಮೊಲೆಯನ್ನು ತೆಗೆಯಲೇಬೇಕು, ತಡ ಮಾಡುವಂತಿಲ್ಲ. ದಾರದಕ್ಕ ತಲೆಯಾಡಿಸಿ, ಮೆಟ್ಟಿಲಿಳಿದು ಬಂದು ಮಿಷನ್ ಮುಂದೆ ಕೂತರು. ಯಾರ ಮುಂದೆಯೂ ತುಟಿ ಪಿಟಕ್ಕೆನ್ನಲಿಲ್ಲ. ಮನೆಯಲ್ಲೂ ಹೇಳಲಿಲ್ಲ.

ಬಾಯಿ ಮುಚ್ಚಿಕೊಂಡಿತ್ತು ನಿಜ, ಆದರೆ ಗುಟ್ಟು ಕೈಯಿಂದ ರಟ್ಟಾಯಿತು. ಎರಡು ದಿನದ ಮೇಲೆ, ಒಗೆಯುವ ಕೋಣೆಯ ಹಿರಿಯ, ಎಲ್ಲರ ಬಾಯಲ್ಲೂ ಇಸ್ತ್ರಿ ಮಾವ, ಹೊಲಿಗೆ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಮೈಮೇಲೆ ಹೊಸ ಗೌನು. ಎರಡೂ ತೋಳುಗಳನ್ನು ರೆಕ್ಕೆಯ ಹಾಗೆ ಬಡಿಯುತ್ತಿದ್ದಾರೆ, ಕೈ ಮಾತ್ರ ಹೊರಗೆ ಬರುತ್ತಿಲ್ಲ. ತೋಳಿನ ಬಾಯಿಯನ್ನು ಮಡಚಿ ಸುತ್ತಲೂ ಹೊಲಿಯುವ ಬದಲು ದಾರದಕ್ಕ ದಿಂಬಿನ ಚೀಲದ ತಳದಂತೆ ನೆಟ್ಟಗೆ ಮುಚ್ಚಿಬಿಟ್ಟಿದ್ದರು. ಒಂದಲ್ಲ, ಇಡೀ ಕಟ್ಟನ್ನೇ ಹಾಗೆ ಹೊಲಿದಿದ್ದರು.

“ಅಕ್ಕಾ, ಇದು ರೋಗಿಗೋ, ಸಿಕ್ಕಿಬಿದ್ದ ಕಳ್ಳನಿಗೋ?” ಎಂದು ಅವರು ಕೇಳಿದ್ದೇ ತಡ, ದಾರದಕ್ಕನಿಗೆ ನಗು ಉಕ್ಕಿತು. ಹೊಟ್ಟೆ ಹಿಡಿದುಕೊಂಡು ನಕ್ಕರು. ಬಟ್ಟೆ ಕತ್ತರಿಸುವ ಸಹೋದ್ಯೋಗಿಯೂ ಜೊತೆಗೂಡಿದರು. ಈಕೆಯ ಕೈಯಲ್ಲಿರುವುದಕ್ಕಿಂತ ಬಾಯಲ್ಲಿರುವುದೇ ಹರಿತ ಎಂಬ ಕಾರಣಕ್ಕೆ ಹೆಸರು ಕತ್ತರಿಯಮ್ಮ. ನಗುತ್ತ ನಗುತ್ತ ದಾರದಕ್ಕನ ಕಣ್ಣಲ್ಲಿ ನೀರು ಬಂತು. ನಗು ನಿಂತರೂ ನೀರು ನಿಲ್ಲಲಿಲ್ಲ. ಆಗ ಎಲ್ಲವೂ ಹೊರಗೆ ಬಂತು. ಇಸ್ತ್ರಿ ಮಾವ ಸಾಂತ್ವನಕ್ಕೆಂದು ಕೈ ಚಾಚಲು ಹೋದರೆ ಮುಚ್ಚಿದ ತೋಳೇ ಮುಂದೆ ಬಂದು ದಾರದಕ್ಕನ ತಲೆ ಸವರಿತು. ಅದನ್ನು ಕಂಡು ಮತ್ತೊಮ್ಮೆ ಮೂವರೂ ನಕ್ಕರಂತೆ.

ಅವತ್ತೇ ಸಂಜೆ ಮನೆಯಲ್ಲಿ ಹೇಳಿದರು. ಗಂಡ ಎದ್ದುಹೋಗಿ ಎಣ್ಣೆ ಡಬ್ಬಿ ತಂದು ಬಾಗಿಲಿನ ತಿರುಗಣಿಗೆ ಎಣ್ಣೆ ಹಾಕಿದರು. ಆಮೇಲೆ ಕಿಟಕಿಗೆ, ಕಪಾಟಿಗೆ, ಮಗಳ ಸೈಕಲ್ಲಿಗೆ. “ಅವ್ರಿಗೆ ದುಃಖ ಬಂದ್ರೆ ಹಂಗೇ. ಅವತ್ತಿಂದ ನಮ್ಮನೇಲಿ ಒಂದು ಬಾಗಿಲೂ ಕಿರುಗುಟ್ಟಲ್ಲ, ಯಾರು ಬಂದ್ರು ಯಾರು ಹೋದ್ರು ಗೊತ್ತೇ ಆಗಲ್ಲ” ಎಂದು ದಾರದಕ್ಕ ನಗುತ್ತಾರೆ. ಮಗಳು ಫೋನ್ ಹಿಡಿದುಕೊಂಡು ಅದೂ ಇದೂ ಹುಡುಕಿ ಓದತೊಡಗಿದಾಗ ಮಾತ್ರ ಗದರಿದರಂತೆ. ಕೇಳುವುದಿದ್ದರೆ ಡಾಕ್ಟರಮ್ಮನನ್ನು ಕೇಳೋಣ, ಊರೆಲ್ಲರ ಕಥೆ ನನಗೆ ಬೇಡ ಎಂದು ಕಡ್ಡಿ ಮುರಿದಂತೆ ಹೇಳಿದರು. ಮಗಳು ಫೋನ್ ಕೆಳಗಿಟ್ಟು ಅಮ್ಮನ ಮಡಿಲಲ್ಲಿ ತಲೆಯಿಟ್ಟಳು. ಬುಟ್ಟಿಯಲ್ಲಿ ಹಿಡಿಸುತ್ತಿದ್ದ ಕೂಸು ಈಗ ಸೋಫಾದ ತುಂಬ ಬರುತ್ತಾಳೆ.

ಹೇಳಿಕೊಂಡ ಮೇಲೆ ಮನಸ್ಸು ಹಗುರಾಯಿತು. ಆದರೆ ಹೆದರಿಕೆ ಮನೆ ಬಿಟ್ಟು ಹೋಗಲಿಲ್ಲ. ಈ ವಿಷಯದಲ್ಲಿ ದಾರದಕ್ಕ ಬಣ್ಣ ಕಟ್ಟಿ ಮಾತಾಡುವವರಲ್ಲ. “ಬೆಳಿಗ್ಗೆ ಹಲ್ಲುಜ್ಜೋಕೆ ನಿಂತ್ರೆ ಕನ್ನಡೀಲಿ ನನ್ನ ಜೊತೆ ಅದೂ ನಿಂತಿರ್ತಿತ್ತು. ಮಗಳ ಮದುವೆ ನೋಡ್ತೀನೋ ಇಲ್ವೋ, ಇವ್ರು ಒಬ್ರೇ ಹೆಂಗಿರ್ತಾರೆ, ಹಿಂಗೇ. ಮಿಷನ್ ತುಳಿಯೋಕೆ ಶುರು ಮಾಡಿದ್ರೆ ಆ ಸದ್ದಲ್ಲಿ ಸುಮ್ನಾಗೋದು. ಅದಕ್ಕೇ ಮಿಷನ್ ಬಿಟ್ಟು ಏಳ್ತಾನೇ ಇರ್ಲಿಲ್ಲ ನಾನು.”

ಅಲ್ಲೇ ಎಡವಟ್ಟಾಯಿತು. ಡಾಕ್ಟರಮ್ಮ ಆಪರೇಷನ್‌ಗೆ ದಿನ ಗೊತ್ತು ಮಾಡಿದರು. ಮೇಜಿನ ಮೇಲಿನ ರಾಶಿ ಮುಗಿಸಿ ಬರುತ್ತೇನೆ ಎಂದು ದಾರದಕ್ಕ ಮುಂದೂಡಿದರು. ಇನ್ನೊಂದು ದಿನ ಕೊಟ್ಟರು. ರಾಶಿ ಇನ್ನೂ ಸ್ವಲ್ಪ ಇದೆ ಎಂದರು. ಆಸ್ಪತ್ರೆಯ ರಾಶಿ ಮುಗಿಯುವುದೆಂದರೇನು? ಸಂಜೆ ತಳ ಕಂಡರೆ ಬೆಳಿಗ್ಗೆ ಮತ್ತೆ ಬೆಟ್ಟ. ಅದು ದಾರದಕ್ಕನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಕೊನೆಗೆ ವಾರ್ಡಿನ ನರ್ಸು ನೆಲಮಾಳಿಗೆಗೆ ಇಳಿದುಬಂದು, ನಿಮ್ಮ ಅಕ್ಕನಿಗೆ ಬುದ್ಧಿ ಹೇಳಿ, ಇದು ಕಾಯುವಂಥ ಕಾಯಿಲೆಯಲ್ಲ ಎಂದು ಕತ್ತರಿಯಮ್ಮನ ಕಿವಿಯಲ್ಲಿ ಹೇಳಿ ಹೋದರು.

ಕತ್ತರಿಯಮ್ಮ ಬುದ್ಧಿ ಹೇಳುವ ಗೋಜಿಗೆ ಹೋಗಲಿಲ್ಲ. ಬಸ್ ಡಿಪೋಗೆ ಫೋನ್ ಮಾಡಿದರು.

ನಿನ್ನೆ ಬೆಳಿಗ್ಗೆ ದಾರದಕ್ಕ ಎಂದಿನಂತೆ ಎಲ್ಲರಿಗಿಂತ ಮೊದಲೇ ಬಂದರೆ, ಹೊಲಿಗೆ ಕೋಣೆಯ ದೀಪ ಉರಿಯುತ್ತಿದೆ. ಒಳಗೆ ಮಿಷನ್ ಸದ್ದು. ಬಸ್ ಕೆಟ್ಟಿದೆ ಎಂದು ಇನ್ನೂ ಕತ್ತಲಿರುವಾಗಲೇ ಮನೆ ಬಿಟ್ಟ ಗಂಡ, ಇಲ್ಲಿ ಅವರ ಕುರ್ಚಿಯಲ್ಲೇ ಕೂತು, ನಾಲಿಗೆಯ ತುದಿ ಹೊರಗೆ ಹಾಕಿಕೊಂಡು ದಿಂಬಿನ ಚೀಲ ಹೊಲಿಯುತ್ತಿದ್ದಾರೆ. ಪಕ್ಕದ ಮಿಷನ್‌ನಲ್ಲಿ ಕತ್ತರಿಯಮ್ಮ. ಮೂಲೆಯಲ್ಲಿ ಇಸ್ತ್ರಿ ಮಾವ ಮುಗಿದದ್ದನ್ನು ಮಡಚಿ ಕಟ್ಟು ಹಾಕುತ್ತಿದ್ದಾರೆ. ಮೇಜಿನ ಮೇಲೆ ಒಂದು ಚಿಂದಿಯೂ ಇಲ್ಲ. ಇಷ್ಟು ವರ್ಷದಲ್ಲಿ ಆ ಮರದ ಬಣ್ಣ ಯಾವುದೆಂದು ದಾರದಕ್ಕ ನೋಡಿದ್ದು ಅವತ್ತೇ.

“ರಾಶಿ ಮುಗೀತು ನೋಡು,” ಎಂದರು ಕತ್ತರಿಯಮ್ಮ, ತಲೆಯೆತ್ತದೆ. “ಇನ್ನೇನಾದ್ರೂ ನೆಪ ಉಳಿದಿದ್ರೆ ಹೇಳು, ಅದನ್ನೂ ಕತ್ತರಿಸಿ ಕೊಡ್ತೀನಿ.”

ದಾರದಕ್ಕ, ಗಂಡ ಹೊಲಿದ ಚೀಲವನ್ನು ಎತ್ತಿ ದೀಪದ ಬೆಳಕಿಗೆ ಹಿಡಿದರು. ಹೊಲಿಗೆ ಅತ್ತ ಹೋಗಿ, ಇತ್ತ ಬಂದು, ಮತ್ತೆ ಅತ್ತ ಹೋಗಿತ್ತು. “ಇದೇನ್ರೀ ಇದು, ಬಸ್ಸು ಗುಂಡಿ ತಪ್ಪಿಸ್ಕೊಂಡು ಹೋದ ಹಾಗಿದೆ. ಎಲ್ಲಾ ಬಿಚ್ಚಿ ಹೊಸದಾಗಿ ಹೊಲೀಬೇಕು” ಎಂದರು.

“ಬಿಚ್ಚು. ವಾಪಸ್ ಬಂದು ಬಿಚ್ಚು,” ಎಂದರು ಗಂಡ. ಕಾಯಿಲೆ ಗೊತ್ತಾದ ಮೇಲೆ ಅದರ ಬಗ್ಗೆ ಅವರು ಬಾಯಿಬಿಟ್ಟು ಆಡಿದ ಮೊದಲ ಮಾತು ಅದು. ದಾರದಕ್ಕ ಚೀಲವನ್ನು ಮಡಚಿ ತಮ್ಮ ಡ್ರಾಯರಿನಲ್ಲಿಟ್ಟು, ಏಪ್ರನ್ ಕೂಡ ಕಳಚದೆ ನೇರ ಮೇಲಕ್ಕೆ ಹೋದರು. ನಾಳೆಯೇ ಸೇರುತ್ತೇನೆ ಎಂದು ಡಾಕ್ಟರಮ್ಮನಿಗೆ ಹೇಳಿದರು. ಮೆಟ್ಟಿಲಿಳಿದು ಬರುವಾಗ ಹಸಿವಾಗಿತ್ತಂತೆ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ತಿಂದೆ ಎನ್ನುತ್ತಾರೆ.

ಹಾಗಾಗಿ ಇವತ್ತಿನ ಈ ಬೆಳಗು, ಈ ತಿಳಿನೀಲಿ ಗೌನು. ಸ್ಟೋರಿನಲ್ಲಿ ಬೇಕಾದಷ್ಟು ಗೌನುಗಳಿದ್ದರೂ ತಮ್ಮದನ್ನು ತಾವೇ ಹೊಲಿದುಕೊಳ್ಳಬೇಕೆಂಬುದು ಅವರ ಹಟ. ಕೊನೆಯ ಹೊಲಿಗೆ ಮುಗಿಸಿ, ಹಲ್ಲಿನಿಂದ ದಾರ ಕತ್ತರಿಸಿ, ಪರದೆಯ ಹಿಂದೆ ಹೋಗಿ ತೊಟ್ಟುಕೊಳ್ಳುತ್ತಾರೆ. ಪರದೆ ಅಲ್ಲಾಡುತ್ತದೆ, ಮೊಣಕೈ ಒಂದು ಕಡೆ ಉಬ್ಬುತ್ತದೆ, ಏನೋ ಗೊಣಗಾಟ ಕೇಳುತ್ತದೆ.

“ಅಯ್ಯೋ ನನ್ನ ಬುದ್ಧಿಗಿಷ್ಟು” ಎನ್ನುತ್ತ ಹೊರಗೆ ಬರುತ್ತಾರೆ. ಗೌನಿನ ಲಾಡಿ ಬೆನ್ನಿಗಿದೆ, ಎಲ್ಲ ಗೌನುಗಳಿಗೂ ಇರುವಂತೆ. ಎಡಗೈಯನ್ನು ಬೆನ್ನ ಹಿಂದಕ್ಕೆ ತಿರುಚಿದರಷ್ಟೇ ಕಟ್ಟಿಕೊಳ್ಳಲು ಸಾಧ್ಯ. ಆಪರೇಷನ್ ಆದ ಮೇಲೆ ಸ್ವಲ್ಪ ದಿನ ಆ ಕೈಯನ್ನು ಹಾಗೆಲ್ಲ ತಿರುಚುವಂತಿಲ್ಲ ಎಂದು ನರ್ಸು ನಿನ್ನೆಯಷ್ಟೇ ಹೇಳಿದ್ದರು. ಪರೀಕ್ಷೆಯ ದಿನವೂ ಅವರು ಗೌನು ತೊಟ್ಟದ್ದುಂಟು. ಆದರೆ ಅವತ್ತು ಲಾಡಿ ಕಟ್ಟಿದ್ದು ಇನ್ನೊಬ್ಬರು, ಇವರಿಗೆ ಮೈಮೇಲೆ ಏನಿದೆ ಎಂಬ ಪರಿವೆಯೂ ಇರಲಿಲ್ಲ.

“ಇಷ್ಟು ವರ್ಷ ಹೊಲಿದೆ. ಆ ವಾರ್ಡಿನ ಹೆಂಗಸ್ರು ಪ್ರತಿಸಲ ಯಾರನ್ನಾದ್ರೂ ಕರೆದು ಕಟ್ಟಿಸ್ಕೊಂಡಿರ್ಬೇಕು. ಒಬ್ಬರೂ ಬಂದು ಹೇಳ್ಲಿಲ್ಲ. ಪಾಪ, ಅವ್ರಿಗೆ ಹೇಳೋಕೆ ಬೇರೆ ಎಷ್ಟೋ ಇತ್ತು” ಎಂದು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಮುಖ ಸಣ್ಣದಾಗಿದ್ದು ಒಂದೇ ಗಳಿಗೆ. ಮರುಗಳಿಗೆಗೆ ಗೌನು ಮತ್ತೆ ಮಿಷನ್ ಮೇಲೆ. ಬೆನ್ನ ಲಾಡಿ ಬಿಚ್ಚಿ, ಒಂದು ಪದರವನ್ನು ಇನ್ನೊಂದರ ಮೇಲೆ ಎಳೆದು, ಬಲಗಡೆಯ ಸೊಂಟದ ಹತ್ತಿರ ಲಾಡಿ ಕೂರಿಸುತ್ತಾರೆ. ತೊಟ್ಟುಕೊಂಡು, ಬೆರಳ ತುದಿಯಲ್ಲೇ ಗಂಟು ಹಾಕಿ, ಕೋಣೆಯ ನಡುವೆ ಒಂದು ಸುತ್ತು ತಿರುಗಿ ತೋರಿಸುತ್ತಾರೆ. ಚಹಾ ತಂದ ಇಸ್ತ್ರಿ ಮಾವ, ಈ ಸಲ ಕೈ ಹೊರಗೆ ಬಂದಿದೆ ಅಂದಮೇಲೆ ಪಾಸ್ ಎಂದು ತೀರ್ಪು ಕೊಡುತ್ತಾರೆ.

ಮೊಲೆ ಹೋಗುವುದರ ಬಗ್ಗೆ ಏನನಿಸುತ್ತದೆ ಎಂದು ಕೇಳಿದರೆ ಕೊಂಚ ಹೊತ್ತು ಟೇಪನ್ನು ಬೆರಳಿಗೆ ಸುತ್ತುತ್ತಾರೆ. “ಬೇಜಾರಿಲ್ಲ ಅಂದ್ರೆ ಸುಳ್ಳಾಗತ್ತೆ. ಮಗಳಿಗೆ ಹಾಲು ಕೊಟ್ಟಿದ್ದು ಇದೇ ಅಲ್ವಾ. ಅತ್ತೂ ಆಯ್ತು. ಮೈ ಅಳತೆ ಬದಲಾಗತ್ತೆ, ಹೊಸದಾಗಿ ಹೊಲ್ಕೋತೀನಿ. ಟೈಲರ್‌ಗೆ ಅದೇನು ದೊಡ್ಡ ಕೆಲಸ?” ಮುಂದೆ ಔಷಧಿಯ ದಿನಗಳಿವೆ, ಸುಸ್ತಿದೆ, ಕೂದಲು ಉದುರಬಹುದು ಎಂದೂ ಡಾಕ್ಟರಮ್ಮ ಹೇಳಿದ್ದಾರೆ. ಕೂಸುಗಳ ಟೋಪಿಯನ್ನು ಸ್ವಲ್ಪ ದೊಡ್ಡದು ಮಾಡಿದರೆ ತಮಗೂ ಆಗುತ್ತದೆ ಎಂದು ದಾರದಕ್ಕ ಆಗಲೇ ಅಳತೆ ತೆಗೆದಿಟ್ಟಿದ್ದಾರೆ. ತೋಳಿಗೆ ವ್ಯಾಯಾಮ ಮಾಡಿಸುವ ಜವಾಬ್ದಾರಿ ಮಗಳದು. ಆಮೇಲೆ ಈಜೂ ಕಲಿಸುತ್ತಾಳಂತೆ. ನೀರು ಕಂಡರೆ ಹೆದರುವ ತಾಯಿ ಅದಕ್ಕಿನ್ನೂ ಒಪ್ಪಿಗೆ ಕೊಟ್ಟಿಲ್ಲ.

ಕಿಟಕಿಯಾಚೆ ಕಾಲುಗಳು ಹೆಚ್ಚಾಗಿವೆ. ಬಾಗಿಲಲ್ಲಿ ಗಂಡ ಚೀಲ ಹಿಡಿದು ನಿಂತಿದ್ದಾರೆ, ಜೊತೆಗೆ ಮಗಳು. ಕತ್ತರಿಯಮ್ಮ ಮಾತ್ರ ಬೆಳಿಗ್ಗೆಯಿಂದ ಏನೋ ಕತ್ತರಿಸುತ್ತಿದ್ದರು. ಈಗ ಎದ್ದು ಬಂದು, ಖಾಲಿ ಮೇಜಿನ ಮೇಲೆ ಕತ್ತರಿಸಿದ ಬಟ್ಟೆಯ ಎತ್ತರದ ಕಟ್ಟೊಂದನ್ನು ಇಡುತ್ತಾರೆ. ಎಲ್ಲವೂ ಆ ವಾರ್ಡಿನ ಹೆಂಗಸರಿಗೆ, ಎಲ್ಲಕ್ಕೂ ಲಾಡಿ ಕೈಗೆ ಸಿಗುವ ಕಡೆ ಬರುವಂತೆ ಕತ್ತರಿಸಿದ್ದಾರೆ. ಹೊಲಿಯುವುದೊಂದೇ ಬಾಕಿ.

ದಾರದಕ್ಕ ಕಟ್ಟಿನ ಮೇಲೆ ಅಂಗೈ ಊರಿ ನಿಲ್ಲುತ್ತಾರೆ. ಮಗಳು ಅವರ ಕೂದಲಿಗೆ ಅಂಟಿದ ದಾರದ ಚೂರನ್ನು ತೆಗೆಯಲು ಹೋದರೆ, ಇರಲಿ ಬಿಡು ಎಂದು ತಡೆಯುತ್ತಾರೆ. ಆಮೇಲೆ ಕತ್ತರಿಯಮ್ಮನ ಕಡೆ ತಿರುಗುತ್ತಾರೆ.

“ನೆನ್ನೆ ಮಾಡಿದ ಹಾಗೆ ಮಾಡ್ಬೇಡಿ ಮತ್ತೆ. ಈ ರಾಶೀನ ಯಾರೂ ಮುಟ್ಟಬಾರ್ದು. ಇದು ನಂದು. ಬಂದು ನಾನೇ ಹೊಲೀತೀನಿ.”