ನೆಲಕ್ಕೆ ತಾಗದ ಗಾಲಿ

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ದೆವ್ವದ ಕಥೆ ಹೇಳಿದವರನ್ನು ನಮ್ಮ ಕಾನ್ವೆಂಟಿನ ಸಿಸ್ಟರ್ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಈಗಲೂ ನಂಬಿದ್ದೇನೆ ಎನ್ನಲಾರೆ. ಕಂಡದ್ದನ್ನಷ್ಟೇ ಬರೆಯುತ್ತೇನೆ.

ಬೈಲಹೊಂಗಲದಲ್ಲಿ ನಮ್ಮವರದು ಗ್ಯಾರೇಜು. ಮೈದುನ ಬಸು ರೇಸಿನ ಕಾರು ಓಡಿಸುತ್ತಿದ್ದ. ತಿರುವಿನಲ್ಲಿ ಅದು ಜಾರದಂತೆ ಸ್ಪ್ರಿಂಗು ಹದ ಮಾಡುವುದು ಇವರ ಕೆಲಸ. ಕಿತ್ತೂರಿನ ಕಡೆ ಬಳಕೆ ತಪ್ಪಿದ ಡಾಂಬರು ರಸ್ತೆಯಲ್ಲಿ ಅಭ್ಯಾಸ. ನಾನು ಟೈರಿನ ಅಂಚಿಗೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದೆ. ತಿರುವು ಸುತ್ತಿ ಬಂದಾಗ ಟೈರಿನ ಅಂಚಿನಲ್ಲಿ ಅಚ್ಚೊತ್ತಿರುವ ಪುಟ್ಟ ತ್ರಿಕೋನದವರೆಗೆ ಗೆರೆ ಅಳಿಸಿದ್ದರೆ ಗಾಳಿ ಸರಿ. ಅದನ್ನೂ ದಾಟಿದ್ದರೆ ಗಾಳಿ ಕಡಿಮೆ, ಟೈರು ಮಗ್ಗುಲಿಗೆ ಮಡಚುತ್ತಿದೆ ಎಂದರ್ಥ. ಗಾಳಿಯ ಮೀಟರ್ ಓದುವುದೂ ನನ್ನದೇ.

"ಸಿಸ್ಟರ್ ಕಲಿಸಿದ ಇಂಗ್ಲಿಷು ಗಾಳಿ ಹಿಡಿಯಾಕ ಬಂತು ನೋಡ್ರಿ ವೈನಿ!" ಎಂದು ಬಸು ಕಾಡುತ್ತಿದ್ದ.

ಆ ದಿನ ಮೀಟರಿನ ಗೀರುಬಿದ್ದ ಗಾಜಿನ ಮೇಲೆ ಬಿಸಿಲಿತ್ತು. "ಇಪ್ಪತ್ತೆಂಟು," ಎಂದೆ. ಇರಬೇಕಾದದ್ದೂ ಅಷ್ಟೇ. ಎಡತಿರುವಿನಲ್ಲಿ ಕಾರು ಪಲ್ಟಿಯಾಯಿತು. ಬಸುವಿಗೆ ಸೊಂಟದಿಂದ ಕೆಳಗೆ ಈಗ ಅರಿವಿಲ್ಲ. ಪಡಸಾಲೆಯಲ್ಲಿ ಮಲಗಿರುತ್ತಾನೆ.

ಇವರು ಕಾರನ್ನು ರಿಪೇರಿ ಮಾಡಿ, ಗಾಲಿಗಳು ನೆಲ ಬಿಟ್ಟು ನಾಲ್ಕು ಬೆರಳು ಮೇಲಿರುವಂತೆ ದಿಮ್ಮಿಗಳ ಮೇಲೆ ನಿಲ್ಲಿಸಿದರು. ಎಲ್ಲಿ ತಪ್ಪಿತೆಂದು ದಿನವೂ ಹುಡುಕಾಟ. ಒಂದು ಭಾನುವಾರ ನನ್ನನ್ನು ಕರೆದರು.

"ಗೆರಿ ಎಳಿ."

"ಯಾರು ಓಡಸ್ತಾರಂತ ಎಳೀಲಿರಿ?"

"ಎಳಿ ಅಂದ್ರ ಎಳಿ."

ನಾಲ್ಕೂ ಟೈರಿಗೆ ಎಳೆದೆ. ಶೆಟರ್ ಮುಚ್ಚಿ ಊಟಕ್ಕೆ ಹೋದೆವು. ಕೀಲಿ ನನ್ನ ಸೊಂಟದಲ್ಲೇ ಇತ್ತು.

ಊಟವಾದ ಮೇಲೆ ನಾನೇ ಮೊದಲು ಬಂದು ತೆರೆದೆ. ಮೂರು ಗೆರೆಗಳು ಹಾಗೇ ಇದ್ದವು. ಎಡತಿರುವಿನಲ್ಲಿ ಭಾರವೆಲ್ಲ ಬೀಳುವ ಮುಂದಿನ ಬಲಗಾಲಿಯದು ಮಾತ್ರ ಸವೆದಿತ್ತು, ತ್ರಿಕೋನ ದಾಟಿ ಒಂದು ಉಗುರಿನಷ್ಟು. ಬೆರಳಿನಿಂದ ಒರೆಸಿದ ಗುರುತಲ್ಲ; ರಸ್ತೆ ಮಾತ್ರ ಹಾಗೆ ಸವೆಸುತ್ತದೆ. ಕೆಳಗೆ ಒಂದು ಚೂರು ಪುಡಿಯೂ ಬಿದ್ದಿರಲಿಲ್ಲ.

ನಾನು ಇಪ್ಪತ್ತೆಂಟು ಎಂದ ಆ ದಿನ ಮೀಟರಿನ ಮುಳ್ಳು ನಿಜಕ್ಕೂ ಇಪ್ಪತ್ತಮೂರರ ಮೇಲಿತ್ತೇ?

ಇವರ ಚಪ್ಪಲಿ ಸಪ್ಪಳ ಕೇಳಿತು. ಸೆರಗಿನಿಂದ ಒರೆಸಿ ಹೊಸ ಗೆರೆ ಎಳೆದುಬಿಟ್ಟೆ.

"ಇದೊಂದು ಸೊಟ್ಟ ಆಗೇತಲ್ಲ?"

"ಕೈ ಜಾರಿತ್ರಿ."

ಇವರು ಕುಕ್ಕರಗಾಲಿನಲ್ಲಿ ಕುಳಿತು ಬಹಳ ಹೊತ್ತು ಗಾಲಿ ನೋಡಿದರು. "ಗಾಳಿ ಸರಿ ಇತ್ತು, ನೀನ ಓದಿದ್ದಿ. ಅಂದ್ರ ನನ್ನ ಸ್ಪ್ರಿಂಗ್‌ನ್ಯಾಗ ತಪ್ಪಾತು. ತಮ್ಮನ ಬೆನ್ನು ನಾನ ಮುರದೆ."

ನಾನು ಸೀಮೆಸುಣ್ಣವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ.

ಇದಾಗಿ ನಾಲ್ಕು ವರ್ಷ. ಮುಚ್ಚಿದ ಶೆಟರಿನೊಳಗೆ, ತಿರುಗದ ಗಾಲಿಯ ಗೆರೆ ಹೇಗೆ ಸವೆಯಿತೋ ಇಂದಿಗೂ ತಿಳಿದಿಲ್ಲ. ನನ್ನ ಕಣ್ಣೇ ಎರಡು ಸಲವೂ ಮೋಸ ಮಾಡಿತೋ ಏನೋ. ಇವರು ಈಗಲೂ ಆ ಸ್ಪ್ರಿಂಗು ಬಿಚ್ಚಿ ಜೋಡಿಸುತ್ತಾರೆ. ಪಕ್ಕದಲ್ಲಿ ನಿಂತು ಪಾನಾ ಕೊಡುವವಳು ನಾನೇ.