ದೌಲತರಾಯ ಮಾಸ್ತರರ ಈಜಿಪ್ಟ್ ಪಾಠ

ನಾನು ಅಮೀರುನ್ನಿಸಾ. ಆಳಂದ ತಾಲೂಕಿನ್ಯಾಗ, ಮಟಕಿ ಕಡಿ ಹೋಗೂ ಹಾದಿಮ್ಯಾಗಿನ ಒಂದು ಸರಕಾರಿ ಸಾಲ್ಯಾಗ ಹದಿನಾರು ವರ್ಷದಿಂದ ಬಿಸಿಯೂಟ ಮಾಡಾಕತ್ತೇನಿ. ನನ್ನ ಬಾಯಿ ಜೋರು ಅಂತ ಎಲ್ಲಾರೂ ಅಂತಾರ. ಅನ್ಲಿ. ನೂರಾ ಎಂಬತ್ತು ಹುಡುಗರಿಗೆ ಅನ್ನ ಹಾಕಾಕಿಗೆ ಬಾಯಿ ಜೋರು ಇರದಿದ್ರ ಹ್ಯಾಂಗ? ದೌಲತರಾಯ ಮಾಸ್ತರರನ್ನೂ ನಾನು ಬಿಟ್ಟಿಲ್ಲ, ಬಾಯಿಗೆ ಬಂದಂಗ ಬೈದೇನಿ. ಈಗ ನೆನಸ್ಕೊಂಡ್ರ, ಬೈಬಾರದಿತ್ತು ಅನಸ್ತದ.

ಮಾಸ್ತರರು ಅಫಜಲಪುರ ತಾಲೂಕಿನ ಅತನೂರಿನವರು. ನಮ್ಮಲ್ಲಿ ಸಮಾಜ ವಿಜ್ಞಾನ ಹೇಳ್ತಿದ್ರು. ಸೊಲ್ಲಾಪುರ ದಾಟಿ ಮುಂದ ಹೋದವರಲ್ಲ, ಆದ್ರ ಜಗತ್ತಿನ ನಕಾಶಿ ಪೂರಾ ಬಾಯಿಪಾಠ. ಸಾಲಿ ಅಂಗಳದಾಗ ಸುಣ್ಣದ ಪುಡಿ ಉದುರಿಸಿ ಏಳೂ ಖಂಡ ಬರೀತಿದ್ರು. "ನೀ ಆಫ್ರಿಕಾದಾಗ ನಿಲ್ಲಲೇ, ನೀ ಆಸ್ಟ್ರೇಲಿಯಾಕ್ಕ ಓಡಬೇ" ಅಂತ ಹುಡುಗರನ್ನ ಓಡಿಸ್ತಿದ್ರು. ಒಂದಿನ ನಾನು ಗಂಜಿ ಚೆಲ್ಲಾಕ ಹೋದ್ರ, "ಅಕ್ಕಾರ, ಅಲ್ಲಿ ಬ್ಯಾಡ್ರಿ, ಅದು ಹಿಂದೂ ಮಹಾಸಾಗರ" ಅಂದ್ರು. "ಸಾಗರಕ್ಕ ಒಂದು ತಪೇಲಿ ಗಂಜಿ ಹೆಚ್ಚಾತೇನ್ರಿ?" ಅಂದೆ. ಹುಡುಗರು ಬಿದ್ದು ಬಿದ್ದು ನಕ್ಕವು.

ದೂರದ್ದನ್ನ ಹತ್ರದ್ದಕ್ಕ ತಂದು ಕಟ್ಟಿ ಹೇಳೂದು ಅವರ ರೀತಿ. ನೈಲ್ ನದಿ ಅಂದ್ರ ಮೊದಲ ಭೀಮಾ ಹೊಳಿ ಮಾತು ಬರ್ತಿತ್ತು. ಆದಿಮಾನವರ ಪಾಠಕ್ಕ ಹೊಳಿ ದಂಡಿಯಿಂದ ಕಲ್ಲು ತಂದು, ಒಂದಕ್ಕೊಂದು ಬಡದು ಚೂಪು ಮಾಡಿ, ಅದರಿಂದ ಬದನಿಕಾಯಿ ಹೆಚ್ಚಿಸಿದ್ರು. ಹೆಚ್ಚಿದಾಕಿ ನಾನಲ್ಲ, ಸುನಿತಾ. ಕಲ್ಲಿನಿಂದ ಎಂಟು ಬದನಿಕಾಯಿ ಹೆಚ್ಚಿ, "ಆದಿಮಾನವರ ಹೆಂಡಂದಿರ ಬಾಳೇ ಬ್ಯಾಡಪಾ" ಅಂದಿದ್ಳು.

ಸುನಿತಾ ನನ್ನ ಜೋಡಿ ಅಡಿಗಿ ಮಾಡಾಕಿ, ಲಿಂಗಾಯತರ ಮನಿ ಹೆಣ್ಣುಮಗಳು. ಗಂಡ ಅರುಣಕುಮಾರ ಭೂಸನೂರಿನ್ಯಾಗ ಸಕ್ಕರಿ ಕಾರ್ಖಾನ್ಯಾಗ ದುಡೀತಾನ. ಒಬ್ಬಾಕಿ ಮಗಳು, ಸೃಷ್ಟಿ, ಆಗ ನಮ್ಮ ಸಾಲ್ಯಾಗ ಎಂಟನೇ ಕ್ಲಾಸ್ ಇದ್ಳು. ಸುನಿತಾ ನನ್ನ ಜೋಡಿ ಜಗಳಾಡಿ, ಐದು ನಿಮಿಷಕ್ಕ ನನ್ನ ರೊಟ್ಟಿನ ಮುರಕೊಂಡು ತಿಂತಿದ್ಳು. ಅಂಥಾ ಗೆಣತಿ ನನಗ ಮತ್ತ ಸಿಕ್ಕಿಲ್ಲ.

ಆ ವರ್ಷ ಶ್ರಾವಣದ ಮುಂದ ಅಕಿ ಕಿಡ್ನಿ ಎರಡೂ ಕೆಟ್ಟವು. ಕಲಬುರಗಿಗೆ ಒಯ್ದು ದವಾಖಾನ್ಯಾಗ ಹಾಕಿದ್ರು. ಇತ್ತ ಸಾಲ್ಯಾಗ ಈಜಿಪ್ಟಿನ ಪಾಠ ನಡದಿತ್ತು. ನಾನು ಬ್ಯಾಳಿ ಹಸನ ಮಾಡ್ಕೋಂತ ಕಿಡಕಿ ಕೆಳಗ ಕುಂತು ಕೇಳೇನಿ. "ಅಲ್ಲಿಯವರು ಸತ್ತವರನ್ನ ಉಪ್ಪಿನ್ಯಾಗ ಒಣಗಿಸಿ, ಅರಿವಿ ಸುತ್ತಿ, ಗೋರ್ಯಾಗ ಇಡ್ತಿದ್ರು. ಮುಂದಿನ ಹಾದ್ಯಾಗ ಬೇಕಾಗ್ತದಂತ ಅವರು ದಿನಾ ಬಳಸೂ ಸಾಮಾನು ಜೋಡಿಗೆ ಇಡ್ತಿದ್ರು. ನಗಬ್ಯಾಡ್ರಿ. ನಮ್ಮ ಲಿಂಗಾಯತರಲ್ಲೂ ಕುಂದ್ರಿಸಿ ಮಣ್ಣು ಮಾಡುವಾಗ ಉಪ್ಪು ಹಾಕ್ತೀವಿ, ವಿಭೂತಿ ಇಡ್ತೀವಿ, ಅಂಗೈಯಾಗ ಲಿಂಗ ಇಡ್ತೀವಿ. ಹೋಗೂರನ್ನ ಬರಿಗೈಲೆ ಕಳಸಾಕ ಯಾರಿಗೂ ಮನಸ್ಸು ಬರೂದಿಲ್ಲ" ಅಂದ್ರು. ಅವರು ಹೇಳಿದ್ದು ಇಷ್ಟ. ಸೃಷ್ಟಿ ಮುಂದಿನ ಸಾಲಿನ್ಯಾಗ ಕುಂತು ಬರಕೊಂಡ್ಳು.

ದವಾಖಾನಿ ಸೇರಿ ಹನ್ನೊಂದು ದಿನಕ್ಕ ಸುನಿತಾ ಹೋದ್ಳು. ಮೂವತ್ನಾಲ್ಕು ವರ್ಷ, ಅದೇನು ಹೋಗೂ ವಯಸ್ಸೇನ್ರಿ? ಮನಿ ಮುಂದ ಕುಂದ್ರಿಸಿ, ಹಣಿ ತುಂಬ ವಿಭೂತಿ ಹಚ್ಚಿ ಹಾರ ಹಾಕಿದ್ರು. ನಾನು ಕಾಲು ಮುಟ್ಟಿ ಅತ್ತೆ. ಸೃಷ್ಟಿ ಅವ್ವನ ಬಾಜೂ ಕುಂತು ಸೀರಿ ನೆರಗಿ ಸರಿ ಮಾಡಾಕತ್ತಿದ್ಳು. ಹಂಗಂತ ನಾವೆಲ್ಲಾ ತಿಳಕೊಂಡ್ವಿ.

ನಾಲ್ಕನೇ ದಿನ ಹುಡುಗಿ ಸಾಲಿಗೆ ಬಂತು. ಸೀದಾ ಮಾಸ್ತರರ ಹತ್ರ ಹೋಗಿ, "ಸರ್, ಅವ್ವನ ಫೋನ್ ಅವ್ವನ ಟೊಂಕದಾಗ ಸಿಗಿಸಿ ಕಳಿಸೇನ್ರಿ. ಯಾರಿಗೂ ಹೇಳಿಲ್ಲ" ಅಂದ್ಳು. ಮಾಸ್ತರರ ಕಣ್ಣು ತುಂಬಿದ್ವು. ತಲಿಮ್ಯಾಲ ಕೈ ಇಟ್ಟು, "ಛಲೋ ಮಾಡಿದಿ ಮಗಾ" ಅಂದ್ರು.

ಅವತ್ತ ಸಾಲಿ ಬಿಟ್ಟಮ್ಯಾಲ ಅರುಣಕುಮಾರ ಬಂದ. ನಾನು ಅಡಿಗಿಮನಿ ಕೀಲಿ ಹಾಕಾಕತ್ತಿದ್ದೆ. "ಸರ್, ಸುನಿತಾನ ಫೋನ್ ಎಲ್ಲೂ ಸಿಗವಲ್ದ್ರಿ" ಅಂದ. "ದವಾಖಾನ್ಯಾಗ ದಿನಾ ಸಂಜಿಮುಂದ ನನ್ನ ಹೊರಗ ಕಳಿಸಿ, ಮಗಳಿಗಂತ ಅದರಾಗ ಮಾತಾಡಿ ಇಡ್ತಿದ್ಳು. ದೊಡ್ಡಾಕಿ ಆದ್ರ ಹ್ಯಾಂಗ ಇರಬೇಕು, ಓದು, ಲಗ್ನ, ಎಲ್ಲಾ. ಹನ್ನೊಂದು ದಿನದ್ದು ಅದ್ರಿ. ತಾ ಹೋದ ಐದನೇ ದಿನ ಮಗಳ ಕೈಯಾಗ ಕೊಡು ಅಂದಾಳ. ನಾಳೆ ಐದನೇ ದಿನ."

ಮಾಸ್ತರರ ಮಾರಿ ಬೂದಿ ಬಡದಂಗಾತು. ನಿಂತಲ್ಲೇ ಎಲ್ಲಾ ಹೇಳಿದ್ರು, ಛಲೋ ಮಾಡಿದಿ ಅಂದದ್ದೂ ಬಿಡಲಿಲ್ಲ. ಅರುಣಕುಮಾರ ಬೈಯಲಿಲ್ಲ, ಗ್ವಾಡಿಗೆ ಆನಿಕೊಂಡು ಕುಂತುಬಿಟ್ಟ. ಬೈದಾಕಿ ನಾನು. "ನಿಮ್ಮ ಈಜಿಪ್ಟಿಗೆ ಬೆಂಕಿ ಬೀಳಲಿ ಸರ್. ಗೋರಿ ಸುದ್ದಿ ಹೇಳಾಕ ತಾಯಿ ಸಾಯಾಕತ್ತಿದ್ದ ಹುಡುಗಿನೇ ಬೇಕಾಗಿತ್ತೇನು?" ಅಂದೆ. ಹುಡುಗಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲಲ್ಲ ಅಂತ ನನಗ ಹೊಟ್ಟಿ ಉರದಿತ್ತು.

ಮಾಸ್ತರರು ಅಲ್ಲಿಂದಾನೇ ಮಠಕ್ಕ ಹೋಗಿ, ಸಮಾಧಿ ತಗ್ಗು ತೆಗೀಬೌದೇನ್ರಿ ಅಂತ ಅಯ್ಯನವರನ್ನ ಕೇಳಿದ್ರು. ಅಯ್ಯನವರು, "ಲಿಂಗದಾಗ ಕೂಡಿದಾಕಿನ್ನ ಮತ್ತ ಎಬ್ಬಿಸ್ತೀರೇನು? ಮ್ಯಾಲ ಎರಡು ದಿನ ಮಳಿ ಹೊಡದದ, ಒಳಗ ಕಾಲು ಚೀಲ ಉಪ್ಪದ. ಏನು ಉಳದಿರ್ತದ?" ಅಂದ್ರು. ಅರುಣಕುಮಾರನೂ ಬ್ಯಾಡ ಅಂದ. "ಅಕಿಗಿ ಇನ್ನ ತ್ರಾಸ ಕೊಡೂದು ಬ್ಯಾಡ್ರಿ. ಮಗಳಿಗೆ ಇದು ಗೊತ್ತಾಗೂದೂ ಬ್ಯಾಡ" ಅಂದ. ನಾವು ಮೂರೂ ಮಂದಿ ಬಾಯಿ ಕಟ್ಟಿಕೊಂಡ್ವಿ.

ಎರಡು ವರ್ಷದ ಹತ್ರ ಹಂಗೇ ನಡೀತು. ಮಾಸ್ತರರು ಸುಣ್ಣದ ನಕಾಶಿ ಬರೀತಿದ್ರು, ಆದ್ರ ಹುಡುಗರನ್ನ ನಗಸ್ತಿರಲಿಲ್ಲ. ಈಜಿಪ್ಟ್ ಬಂದ್ರ "ಪುಸ್ತಕದಾಗಿಂದು ಓದಿಕೊಳ್ರಿ" ಅಂತ ಹೊರಗ ಬಂದು ನಿಲ್ತಿದ್ರು. ಹೋದ ವರ್ಷ ತಾವ ಅರ್ಜಿ ಹಾಕಿ ಜೇವರ್ಗಿ ಕಡಿ ವರ್ಗ ಮಾಡಿಸ್ಕೊಂಡು ಹೋದ್ರು. ಇಷ್ಟು ಛಲೋ ಮಾಸ್ತರ ಯಾಕ ಹೋದ್ರಂತ ಊರ ಮಂದಿ ಇನ್ನೂ ಕೇಳ್ತಾರ. ನನಗ ಗೊತ್ತದ.

ಅವರು ಅರ್ಜಿ ಹಾಕೂ ಹಿಂದಿನ ದಿನ, ಊಟಾದ ಮ್ಯಾಲ, ಸೃಷ್ಟಿ ತಾಟು ತೊಳಕೊಂಡು ನಮ್ಮ ಅಡಿಗಿಮನಿ ಕಟ್ಟಿ ಹತ್ರ ಬಂದ್ಳು. ಆಗ ಹತ್ತನೇ ಕ್ಲಾಸು, ಪರೀಕ್ಷಾ ಹತ್ರ ಬಂದಿತ್ತು. ಮಾಸ್ತರರು ಅಲ್ಲೇ ಮಜ್ಜಿಗಿ ಕುಡ್ಯಾಕತ್ತಿದ್ರು. "ಸರ್, ಅವ್ವನ ದನಿ ಮರ್ತು ಹೋಗಾಕತ್ತದ್ರಿ" ಅಂದ್ಳು. "ಮಾರಿ ಫೋಟೋದಾಗ ಅದ. ದನಿ ನೆನಸಾಕ ಹೋದ್ರ ನಂದೇ ದನಿ ಕೇಳ್ತದ."

ನಾನು ಹಿಂದಿನಿಂದ ಕೈ ಮಾಡಿದೆ, ಬ್ಯಾಡ್ರಿ ಬ್ಯಾಡ್ರಿ ಅಂತ. ಅವರು ನನ್ನ ಕಡಿ ನೋಡಲಿಲ್ಲ. ಸುಳ್ಳು ಅವರ ಗಂಟಲದಾಗಿಂದ ಬರೂದೇ ಅಲ್ಲ, ಏನು ಮಾಡ್ತೀರಿ? ಹನ್ನೊಂದು ಸಂಜಿಯ ಸುದ್ದಿ ಎಲ್ಲಾ ಹೇಳಿ, "ತಪ್ಪು ನಂದು ಮಗಾ, ನಿಂದಲ್ಲ" ಅಂದ್ರು.

ಸೃಷ್ಟಿ ಅಳಲಿಲ್ಲ. ತಾಟಿನ ನೀರು ಲಂಗದಿಂದ ಒರಸ್ಕೋಂತ ಅಂದ್ಳು, "ಅವ್ವನ್ನ ಕಳಿಸೂ ದಿನ ನಸಕಿನ್ಯಾಗ ಎದ್ದು ಫೋನ್ ಚಾರ್ಜಿಗೆ ಹಚ್ಚಿದ್ದೆನ್ರಿ. ಅಲ್ಲಿ ಹೋದಮ್ಯಾಲ ಖಾಲಿ ಆಗಬಾರದಂತ. ನೂರು ಆಗೂತನಕ ಎರಡು ತಾಸು ಕೈಯಾಗ ಹಿಡಕೊಂಡು ಕುಂತಿದ್ದೆ. ತೆಗದು ನೋಡಿದ್ರ ಅವ್ವ ಬೈತಾಳಂತ ಹೇಳಿ ನಾ ತೆಗೀಲೇ ಇಲ್ರಿ ಸರ್."